ಜೋಸೆಫರ ಮುಖ

ಬಿಳಿಬಟ್ಟೆ ಸರಿಸಿ ಹೈದರನ ಮುಖವನ್ನು ಕೊನೆಯ ಬಾರಿಗೆ ತೋರಿಸುತ್ತಿದ್ದರು. ಕಲ್ಲುಗುಂಡಿಯ ಆ ಮನೆಯ ಅಂಗಳದಲ್ಲಿ ನಿಂತಿದ್ದ ಮೇದಪ್ಪನಿಗೆ ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಬೋರ್ಡು ಬರೆದು ಬದುಕಿದ ಅವನು ಮೂವತ್ತು ವರ್ಷ ಬಣ್ಣ ಒಯ್ದದ್ದು ಹೈದರನ ಅಂಗಡಿಯಿಂದಲೇ. ಕೊನೆಯ ಮೂರು ವರ್ಷ ಇಬ್ಬರೂ ಮಾತಾಡಿರಲಿಲ್ಲ.

ಹೈದರನ ಮಗ ಮಶೂದ್ ಇಳಿದು ಬಂದ.

"ಎಂತಕ್ಕೆ ಬಂದದ್ದು ಮೇದಪ್ಪಣ್ಣ?"

"ಒಮ್ಮೆ ಮುಖ ನೋಡ್ಲಿಕ್ಕೆ."

"ನಮ್ಮ ಉಪ್ಪನ ಮುಖ ಊರಿಗೆಲ್ಲ ತೋರಿಸಿದ್ರಲ್ಲ. ಸಾಕಾಗ್ಲಿಲ್ವಾ?"

ಮಶೂದ್ ತಿರುಗಿ ಒಳಗೆ ಹೋದ.

*

ಐದಾರು ವರ್ಷದ ಹಿಂದೆ ಗುಡ್ಡದ ಮೇಲಿನ ಸಣ್ಣ ಚರ್ಚಿಗೆ ಒಂದು ಚಿತ್ರ ಬೇಕಿತ್ತು: ಗೋದಲಿಯಲ್ಲಿ ಬಾಲಯೇಸು, ಪಕ್ಕದಲ್ಲಿ ಮರಿಯಮ್ಮ, ಲಾಟೀನು ಹಿಡಿದು ಬಗ್ಗಿ ನೋಡುವ ಆಕೆಯ ಗಂಡ ಜೋಸೆಫರು. ಮೇದಪ್ಪ ಎಷ್ಟು ಬರೆದರೂ ಜೋಸೆಫರು ಕೂಡಿಬರಲಿಲ್ಲ. ಕರೆಂಟು ಹೋದ ಒಂದು ಸಂಜೆ ಅಂಗಡಿಯಲ್ಲಿ ಹೈದರ್ ಲಾಟೀನು ಎತ್ತಿ ಬಣ್ಣದ ಡಬ್ಬಿಯೊಳಗೆ ಬಗ್ಗಿ ನೋಡಿದ.

"ಹೈದರಾಕ, ಹಾಗೇ ನಿಲ್ಲಿ!"

"ನಿನಗೆ ಮರ್ಲಾ ಮಾರಾಯ? ನಮ್ಮಲ್ಲಿ ಮುಖ ಬರೆಸುದೆಲ್ಲ ಆಗುದಿಲ್ಲ."

"ಮುಖ ಕಾಣುದಿಲ್ಲ. ನೆರಳಲ್ಲಿ ಇಡ್ತೇನೆ. ಕೈಗೆ ಮಾತ್ರ ಬೆಳಕು."

ಹೈದರ್ ಮೂರು ಸಂಜೆ ನಿಂತ. ಮುಖ ಬರೆಯದೆ ಬಿಡಲು ಮೇದಪ್ಪನಿಂದಾಗಲಿಲ್ಲ. ಪೂರ್ತಿ ಬರೆದು, ಮೇಲೆ ಕಂದು ಎಳೆದು ಮುಚ್ಚಿದ.

ಎರಡು ಕ್ರಿಸ್ಮಸ್ ಕಳೆದ ಮೇಲೆ ಚರ್ಚಿನವರು, "ಜೋಸೆಫರು ಕಾಣುದೇ ಇಲ್ಲ, ಸ್ವಲ್ಪ ಬೆಳಕು ಕೊಡಿ" ಎಂದರು. ಮೇದಪ್ಪ ಮೇಲಿನ ಕಂದು ಬಣ್ಣ ತೆಗೆದು ಹೈದರನ ಮುಖಕ್ಕೆ ಬೆಳಕು ಕೊಟ್ಟ. ಒಳಗೊಳಗೆ ಅವನಿಗೂ ಆಸೆಯಿತ್ತು. ಜೀವಮಾನದಲ್ಲಿ ಅವನು ಬರೆದ ಒಂದೇ ಒಳ್ಳೆಯ ಮುಖ ಅದು.

ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಹೈದರನನ್ನು ಕಂಡು "ಎಂತ ಜೋಸೆಫಾಕ?" ಎಂದು ನಕ್ಕರು. ಹೈದರ್ ಜಗಳಕ್ಕೆ ಬರಲಿಲ್ಲ. ಅಂಗಡಿಯನ್ನು ಮಗನಿಗೆ ಬಿಟ್ಟ. ಮಸೀದಿಯಲ್ಲಿ ಮುಂದಿನ ಸಾಲಿನಿಂದ ಕೊನೆಯ ಸಾಲಿಗೆ ಸರಿದ. ತಪ್ಪಾಯಿತೆನ್ನಲು ಹೊರಟ ಮೇದಪ್ಪ ಎರಡು ಸಲ ಅವನ ಗೇಟಿನಿಂದಲೇ ಮರಳಿದ್ದ.

*

ತಾಯಿಯನ್ನು ಕೇಳಲು ಒಳಗೆ ಹೋಗಿದ್ದ ಮಶೂದ್ ಮತ್ತೆ ಬಂದ. "ನೋಡಿ ಹೋಗ್ಲಿ ಅಂತ ಹೇಳಿದ್ರು ಉಮ್ಮ."

ಟ್ಯೂಬ್‌ಲೈಟಿನ ಕೆಳಗೆ ಆ ಮುಖದಲ್ಲಿ ಎಲ್ಲಿಯೂ ನೆರಳಿರಲಿಲ್ಲ. ಮೇದಪ್ಪ ಹೆಚ್ಚು ಹೊತ್ತು ನಿಲ್ಲಲಾರದೆ ಹೊರಗೆ ಬಂದ.

ಮಸೀದಿಯ ಹಿಂದಿನ ಖಬರಿಗೆ ಎಲ್ಲರೊಡನೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಜನ ಚದುರಿದ ಮೇಲೆ ಮಶೂದ್ ಹತ್ತಿರ ಬಂದು ನಿಂತ.

"ಆ ಮುಖ ಮುಚ್ಚಿಬಿಡಿ ಮೇದಪ್ಪಣ್ಣ. ನಿಮ್ಮ ಹತ್ರ ಹೇಳ್ಲಿಕ್ಕೆ ಉಪ್ಪನಿಗೆ ಬಾಯಿ ಬರ್ಲಿಲ್ಲ."

"ಇವತ್ತೇ ಮುಚ್ತೇನೆ."

ಮಶೂದ್ ಎರಡು ಹೆಜ್ಜೆ ಹೋಗಿ ತಿರುಗಿದ. "ಕೈ ಇರ್ಲಿಯಂತೆ. ಉಮ್ಮ ಹೇಳಿದ್ದು. ಉಮ್ಮ ಫೋನಲ್ಲಿ ಆ ಕೈಯನ್ನೇ ದೊಡ್ಡದು ಮಾಡಿ ನೋಡ್ತಾ ಇದ್ರು."

*

ವಿಷಯ ಕೇಳಿದ ಫಾದರ್ ಚರ್ಚಿನ ಬೀಗ ತೆಗೆದರು. ಮೇದಪ್ಪ ಏಣಿ ಹತ್ತಿದ. ಹಣೆ ಹೋಯಿತು. ಗಡ್ಡ ಹೋಯಿತು. ಕಣ್ಣುಗಳ ಹತ್ತಿರ ಬ್ರಶ್ಶು ಬಹಳ ಹೊತ್ತು ನಿಂತಿತು. ಆಮೇಲೆ ಅವೂ ಹೋದವು.

ಕತ್ತಲೆಯೊಳಗಿಂದ ಎರಡು ಕೈಗಳು ಮಾತ್ರ ಚಾಚಿಕೊಂಡು, ಮಗುವಿನ ಮೇಲೆ ಲಾಟೀನು ಹಿಡಿದಿದ್ದವು. ಉಗುರಿನ ಸಂದಿಯಲ್ಲಿ ಅಂಗಡಿಯ ನೀಲಿ ಬಣ್ಣ ಅಂಟಿಕೊಂಡಿತ್ತು.