ಶೇಂಗಾ ಎಣ್ಣಿಯೊಳಗಿನ ಸೋಡಿಯಂ

ಎರಡು ಸಲ ಡುಮ್ಕಿ ಹೊಡೆದವನಿಗೆ ನಾಚಿಕಿ ಕಡಿಮಿ, ಭಯ ಜಾಸ್ತಿ. ನಲವತ್ತೊಂಬತ್ತನೇ ಇಸವಿಯಾಗ ಬಳ್ಳಾರಿಯೊಳಗ ಇಂಟರ್‌ಮೀಡಿಯೆಟ್ ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿಗೆ ಮೂರನೇ ಸಲ ನಿಂತಿದ್ದೆ. ಈ ಸಲಾನೂ ಫೇಲಾದ್ರ ಸಿರುಗುಪ್ಪದಾಗ ಮಾವನ ಅಕ್ಕಿ ಗಿರಣಿಯೊಳಗ ತೌಡು ಹೊರೋದೇ ಗತಿ ಅಂತ ಅಪ್ಪ ಹೇಳಿಬಿಟ್ಟಿದ್ದ.

ನನಗ ಎಲೆಕ್ಟ್ರಾನು ಗಿಲೆಕ್ಟ್ರಾನು ತಲಿಗೆ ಹತ್ತಿದ್ದಿಲ್ಲ. ಕಣ್ಣಿಗೆ ಕಾಣದ್ದನ್ನ ಎಣಿಸು ಅಂದ್ರ ಯಾವ ನ್ಯಾಯ? ನಾವು ಮೂಗಿನ ಮ್ಯಾಲೆ ಭಾರ ಹಾಕಿದವರು. ಸೋಡಿಯಂ ಇಡೋದೇ ಸೀಮೆಎಣ್ಣಿಯೊಳಗ, ಆ ವಾಸನಿ ಬಂದ್ರ ಸೋಡಿಯಂ, ನೀರಾಗ ಮುಳುಗಿಸಿಟ್ಟಿದ್ರ ರಂಜಕ, ಹಳದಿ ಪುಡಿ ಇದ್ರ ಗಂಧಕ. ಇದನ್ನ ಕಲಿಸಿದಾತ ಲ್ಯಾಬಿನ ಅಟೆಂಡರ್ ಪಾಲಯ್ಯ. ಲೆಕ್ಚರರು ಬರೇ ಪಗಾರದ ಗುರು.

ಮದ್ರಾಸಿಂದ ಬಂದ ಪರೀಕ್ಷಕರಿಗೆ ಹುಣಸಿಹಣ್ಣು ತಿಂದಂಥ ಮಾರಿ. ಬಾಟ್ಲಿಯೊಂದು ಇಟ್ಟು, "ಗಾದಿಲಿಂಗಪ್ಪ, ಇದು ಯಾವ ಮೂಲವಸ್ತು? ಕಾರಣ ಹೇಳು" ಅಂದ್ರು. ಮುಚ್ಚಳ ತೆಗೆದು ಮೂಸಿದೆ. ಎಲಾ ಇವನ! ಘಮ ಘಮ ಶೇಂಗಾ ಎಣ್ಣಿ! ಮಿರ್ಚಿ ಕರಿಯಾಕ ಬಿಟ್ಟಂಗ ಅದರೊಳಗ ಒಂದು ಬೂದು ತುಂಡು.

ಪರೀಕ್ಷಕರ ಬೆನ್ನ ಹಿಂದ ಪಾಲಯ್ಯ ಬೆವರ್ತಾ ನಿಂತಿದ್ದ. ಆವಾಗ ಹೊಳೀತು. ಆತನ ಹೆಂಡ್ತಿ ಮೂಕಮ್ಮ ಹಡೆದು ಎಂಟು ದಿನ. ಬಾಣಂತಿ ಕ್ವಾಣ್ಯಾಗ ಕಂದೀಲು ಆರಬಾರದು, ರೇಷನ್ನಿನ ಸೀಮೆಎಣ್ಣಿ ಮೂರೇ ದಿನಕ್ಕ ಖಾಲಿ. ಕಂದೀಲು ಶೇಂಗಾ ಎಣ್ಣಿಗೆ ಉರಿಯಂಗಿಲ್ಲ. ಸೋಡಿಯಂಗೇನು, ಬಾಯಿ ಐತಾ ಕೇಳಾಕ, ಅಂತ ಬಾಟ್ಲಿಯ ಸೀಮೆಎಣ್ಣಿ ಕಂದೀಲಿಗೆ ಒಯ್ದು, ಬಾಟ್ಲಿಗೆ ಶೇಂಗಾ ಎಣ್ಣಿ ತುಂಬಿದ್ದ ಪುಣ್ಯಾತ್ಮ.

ಮೂಗು ಕೈ ಕೊಟ್ಟಿತು. ಇನ್ನ ಬುದ್ಧಿ ಉಪಯೋಗಿಸದೇ ದಾರಿ ಇರಲಿಲ್ಲ. ಚಾಕು ಇಟ್ಟೆ, ಬೆಣ್ಣಿಯೊಳಗ ಇಳಿದಂಗ ಇಳೀತು. ಒಳಗ ಬೆಳ್ಳಿ ಹೊಳಪು, ನೋಡನೋಡ್ತಾ ಮಂಕಾತು. ಸಾಸಿವಿಕಾಳಿನಷ್ಟು ಚೂರು ನೀರಿಗೆ ಬಿಟ್ಟೆ. ತೇಲಿ, ಚುಂಯ್ ಅಂತ ಓಡಾಡಿ ಮಾಯ ಆತು. ನೇರಳೆ ಉರಿ ಹತ್ತಲಿಲ್ಲ, ಅಂದ್ರ ಪೊಟ್ಯಾಸಿಯಂ ಅಲ್ಲ.

"ಸೋಡಿಯಂ, ಸರ್. ಹೊರಗಿನ ಸುತ್ತಿನ್ಯಾಗ ಒಂದೇ ಎಲೆಕ್ಟ್ರಾನು. ಅದನ್ನ ಯಾರಿಗಾದ್ರೂ ಕೊಟ್ಟುಬಿಡಾಕ ಒದ್ದಾಡ್ತೈತಿ."

ಹೇಳಿದ ಮ್ಯಾಲೆ ನನಗೇ ಬೆರಗಾತು. ಹುಟ್ಟಿದಾಗಿಂದ ಮೊದಲನೇ ಸಲ ಕೆಮಿಸ್ಟ್ರಿ ತಿಳಿದಿತ್ತು. ಕುಣೀಬೇಕನಿಸ್ತು.

"ಶಭಾಷ್, ಪಾಸು," ಅಂತ ಪೆನ್ನು ಎತ್ತಿದ ಪರೀಕ್ಷಕರು ಬಾಟ್ಲಿ ನೋಡಿ ತಡೆದ್ರು. ಮೂಸಿದ್ರು. "ಇದ್ಯಾವ ಎಣ್ಣಿ? ಯಾರ ಕೆಲಸ ಇದು?" ಅಂತ ಪಾಲಯ್ಯನ ಕಡಿ ತಿರುಗಿದ್ರು. ನೌಕರಿ ಹೋದ್ರ ಮನ್ಯಾಗ ಎಂಟು ದಿನದ ಕೂಸು.

"ನಾನೇ, ಸರ್. ನಿನ್ನೆ ಬಂದು ಬಾಟ್ಲಿ ಚೆಲ್ಲಿಬಿಟ್ಟೆ. ಕೈಗೆ ಸಿಕ್ಕ ಎಣ್ಣಿ ಹಾಕಿದೆ," ಅಂದೆ. ಹಾಳು ಬಾಯಿ, ನನ್ನ ಕೇಳಿ ತೆರೀಲಿಲ್ಲ. ಪರೀಕ್ಷಕರು ದುಂಡಗ ಒಂದು ಸೊನ್ನಿ ಬರೆದು ಹೊರಗ ಅಟ್ಟಿದ್ರು.

ನಾಕು ತಿಂಗಳಿಗೆ ಸಿರುಗುಪ್ಪದ ಗಿರಣಿಗೆ ಪಾಲಯ್ಯ ಬಂದ, ಬಗಲಾಗ ಕೂಸು. ನಾನು ತಲಿಯಿಂದ ಕಾಲತನ ತೌಡು.

"ಗಾದಿಲಿಂಗಪ್ಪ ಅಂತ ಹೆಸರಿಟ್ಟೀವಿ," ಅಂದ.

"ಅಲ್ಲಾ ಪಾಲಯ್ಯಣ್ಣ, ಮೂರು ಸಲ ಫೇಲಾದವನ ಹೆಸರು ಬಿಟ್ರ ಬ್ಯಾರೆ ಸಿಗಲಿಲ್ಲೇನು?"

ನಗಕೋತ ಕೂಸಿನ ಮಾರಿ ನೋಡಾಕ ಬಗ್ಗಿದೆ. ಅಷ್ಟೊತ್ತಿಗೆ ಕೂಸು ಕೈ ಚಾಚಿ ನನ್ನ ಮೂಗು ಗಟ್ಟಿಯಾಗಿ ಹಿಡಕೊಂಡಿತ್ತು.