ಗುರುತು ತೋರಿಸಬೇಡ

ಕುರಿಂಬಾ ಕೃಷಿ ಪ್ರದರ್ಶನದ ಷೆಡ್ಯೂಲನ್ನು ಇಪ್ಪತ್ತಾರು ವರ್ಷ ನಾನೇ ಬರೆದೆ. ಷೆಡ್ಯೂಲ್ ಎಂದರೆ ಅಲ್ಲಿನ ಕೇಕು, ಜ್ಯಾಮ್, ಹೆಣಿಗೆ ಸ್ಪರ್ಧೆಗಳ ನಿಯಮವಿರುವ ನಲವತ್ತೆಂಟು ಪುಟದ ಪುಸ್ತಿಕೆ. ಯಾವ ವಿಭಾಗಕ್ಕೆ ಯಾವ ಕೇಕು, ಎಷ್ಟು ಅಗಲ, ಮೇಲೆ ಸಕ್ಕರೆ ಉದುರಿಸಬಹುದೋ ಇಲ್ಲವೋ, ಎಲ್ಲ ಅದರಲ್ಲಿದೆ. ಅದರಲ್ಲಿದ್ದಂತೆ ಮಾಡದಿದ್ದರೆ ನಿಮ್ಮ ತಟ್ಟೆಯ ಪಕ್ಕ ‘ಷೆಡ್ಯೂಲಿನಂತೆ ಇಲ್ಲ’ ಎಂಬ ಚೀಟಿ ಬಂದು ಕೂರುತ್ತದೆ. ನಮ್ಮೂರಲ್ಲಿ ಗಂಡನನ್ನು ಬಿಟ್ಟವರು ತಲೆಯೆತ್ತಿ ಓಡಾಡಿದ್ದಾರೆ, ಕುಡಿದು ಟ್ರ್ಯಾಕ್ಟರನ್ನು ಚರ್ಚಿನ ಬೇಲಿಗೆ ಗುದ್ದಿದವನೂ ಓಡಾಡಿದ್ದಾನೆ. ಆ ಚೀಟಿ ಬಂದವರು ಮಾತ್ರ ಮುಂದಿನ ವರ್ಷದವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಗಂಡ ತೀರಿಕೊಂಡ ವರ್ಷವೂ ಷೆಡ್ಯೂಲ್ ಹೊತ್ತಿಗೆ ಸರಿಯಾಗಿ ಹೊರಬಂದಿತ್ತು. ಆ ವರ್ಷ ಸರಿಯಾಗಿ ನಡೆದದ್ದು ಅದೊಂದೇ. ಆದ್ದರಿಂದ ಅದನ್ನು ನನ್ನ ಕೈಯಿಂದ ಕಿತ್ತುಕೊಳ್ಳುವ ಮಾತು ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮಾತು ತಂದವನು ಟ್ರೆವರ್. ರಾಜಧಾನಿಯ ಯಾವುದೋ ಇಲಾಖೆಯಲ್ಲಿ ಮೂವತ್ತು ವರ್ಷ ‘ಬದಲಾವಣೆ ನಿರ್ವಹಣೆ’ ಎಂಬ ಕೆಲಸ ಮಾಡಿ, ಅಲ್ಲಿ ಬದಲಾಯಿಸಲು ಇನ್ನೇನೂ ಉಳಿಯದೆ ನಮ್ಮೂರಿಗೆ ಬಂದು ನೆಲೆಸಿದ್ದ. ಬಂದ ಎರಡನೇ ವರ್ಷಕ್ಕೆ ಪ್ರದರ್ಶನ ಸಮಿತಿಯ ಅಧ್ಯಕ್ಷನಾದ, ಏಕೆಂದರೆ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಬಂದವನೇ ಪ್ರದರ್ಶನ ನಡೆಯುವ ಹಾಲ್‌ನ ಕಂಪ್ಯೂಟರಿನಲ್ಲಿದ್ದ ಹಳೆಯ ಬರವಣಿಗೆಯ ಸಾಫ್ಟ್‌ವೇರನ್ನು ತೆಗೆಸಿ ಹೊಸ ಆವೃತ್ತಿ ಹಾಕಿಸಿದ. ಹಳೆಯದರಲ್ಲಿ ಏನು ತೊಂದರೆ ಎಂದು ಕೇಳಿದೆ. ತೊಂದರೆ ಏನೂ ಇಲ್ಲ, ಹಳೆಯದು ಅಷ್ಟೇ ಎಂದ. ಅರವತ್ತೆಂಟು ವರ್ಷದ ಹೆಂಗಸಿನ ಮುಖ ನೋಡಿಕೊಂಡು ಹಾಗೆ ಹೇಳುವುದಕ್ಕೆ ಇಲಾಖೆಯಲ್ಲಿ ತರಬೇತಿ ಕೊಡುತ್ತಾರೇನೋ.

ಹಳೆಯದರಲ್ಲಿ ಮೇಲೆ ಒಂದು ಸಾಲು ಪದಗಳಿದ್ದವು. ಪದ ಒತ್ತಿದರೆ ಪಟ್ಟಿ ಇಳಿಯುತ್ತಿತ್ತು, ಪಟ್ಟಿಯಲ್ಲಿ ಕೆಲಸ ಇರುತ್ತಿತ್ತು. ಹೊಸದರಲ್ಲಿ ಪರದೆಯ ಕಾಲುಭಾಗ ಚಿತ್ರಗಳೇ. ಪ್ರಿಂಟ್ ಎಲ್ಲಿದೆ ಎಂದು ಹುಡುಕುವುದರಲ್ಲಿ ಒಂದು ಬೆಳಿಗ್ಗೆ ಕಳೆಯಿತು. ಮಧ್ಯಾಹ್ನ ಸಿಕ್ಕಿತು, ಆದರೆ ಅಷ್ಟರಲ್ಲಿ ನನ್ನ ಕೈ ಯಾವುದಕ್ಕೋ ತಾಗಿ, ಮೇಲಿನ ಚಿತ್ರಗಳೆಲ್ಲ ಮಾಯವಾದವು. ಅವು ಮಾಯವಾದ ಮೇಲೆ ಪುಟ ಚೆನ್ನಾಗಿ ಕಾಣುತ್ತಿತ್ತು, ನಿಜ. ಮೇಲಾಗಿ ಈ ಆವೃತ್ತಿಗೆ ನಾನು ಬರೆಯುವ ಮೊದಲೇ ವಾಕ್ಯ ಮುಗಿಸುವ ಆತುರ. ‘ಹಣ್ಣಿನ ಕೇಕು’ ಎಂದು ಹೊಡೆದರೆ ಮುಂದೆ ಬೂದು ಅಕ್ಷರದಲ್ಲಿ ‘ರುಚಿಯಾಗಿರಬೇಕು’ ಎಂದು ತಾನೇ ಸೂಚಿಸಿತು. ಕುರಿಂಬಾದಲ್ಲಿ ಆ ನಿಯಮ ತಂದರೆ ಅರ್ಧ ಮೇಜು ಖಾಲಿ.

ಮಾರ್ಚ್ ಸಭೆಯಲ್ಲಿ ಟ್ರೆವರ್ ತೀರ್ಮಾನ ಹೇಳಿದ. ಈ ವರ್ಷ ಷೆಡ್ಯೂಲಿನಲ್ಲಿ ಒಂದೇ ಒಂದು ಎಡವಟ್ಟು ಆದರೂ ಮುಂದಿನ ವರ್ಷದಿಂದ ಕೆಲಸ ಪೇಟೆಯ ಒಂದು ಕಂಪನಿಗೆ.

“ಬೇಜಾರು ಮಾಡ್ಕೋಬೇಡ ಗ್ಲೆನಿಸ್,” ಅಂದ. “ಹೊಸದು ಎಲ್ಲರ ಕೈಗೂ ಹತ್ತಲ್ಲ.”

ಮೂರು ವಾರದಲ್ಲಿ ಕಲಿತೆ. ಹಟಕ್ಕೆ ಬಿದ್ದು ಕಲಿತೆ. ಯಾವ ಚಿತ್ರ ಒತ್ತಿದರೆ ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದಿಟ್ಟೆ. ಉಳಿದದ್ದು ಒಂದೇ ಸಮಸ್ಯೆ, ಅಂಚಿನ ಟಿಪ್ಪಣಿಗಳು.

ಅವುಗಳ ವಿಷಯ ಇಷ್ಟು. ಕರಡನ್ನು ನಾನು ಪ್ರತಿವರ್ಷ ರೋಸ್ಲಿನ್‌ಗೆ ಕಳಿಸುತ್ತೇನೆ. ಅವಳು ಕೇಕುಗಳ ತೀರ್ಪುಗಾರ್ತಿ, ಅಳತೆ ತೂಕ ಸರಿಯಿದೆಯೇ ನೋಡುತ್ತಾಳೆ. ಪುಟದ ಬಲಗಡೆ ಟಿಪ್ಪಣಿ ಹಾಕುವ ಸೌಲಭ್ಯವಿದೆ. ಅದರಲ್ಲಿ ನಾವಿಬ್ಬರೂ ವರ್ಷದ ಹರಟೆಯನ್ನೆಲ್ಲ ಹೊಡೆದು ಮುಗಿಸುತ್ತಿದ್ದೆವು. ಕೊನೆಗೆ ಹಳೆಯ ಆವೃತ್ತಿಯಲ್ಲಿ ಒಂದು ಗುಂಡಿ ಒತ್ತಿದರೆ ಅವೆಲ್ಲ ಅಳಿಸಿಹೋಗುತ್ತಿದ್ದವು. ಹೊಸದರಲ್ಲಿ ಆ ಗುಂಡಿ ಅದರ ಜಾಗದಲ್ಲಿರಲಿಲ್ಲ. ಎರಡು ದಿನ ಹುಡುಕಿದ ಮೇಲೆ ಒಂದು ಪಟ್ಟಿಯಲ್ಲಿ ‘ಗುರುತು ತೋರಿಸಬೇಡ’ ಎಂಬ ಸಾಲು ಸಿಕ್ಕಿತು. ಒತ್ತಿದೆ. ಪುಟ ತೊಳೆದಿಟ್ಟಂತೆ ಸ್ವಚ್ಛವಾಯಿತು. ಅಷ್ಟು ಖುಷಿ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಒಬ್ಬಳೇ ಕೂತು ಎರಡು ಲ್ಯಾಮಿಂಗ್‌ಟನ್ ಕೇಕು ತಿಂದೆ, ಫೈಲನ್ನು ಪ್ರೆಸ್ಸಿಗೆ ಕಳಿಸಿ ಟ್ರೆವರ್‌ಗೆ ಫೋನ್ ಮಾಡಿ ತಿಳಿಸಿದೆ.

ತೋರಿಸಬೇಡ ಎಂದರೆ ಅಳಿಸು ಎಂದಲ್ಲವಂತೆ. ನನ್ನ ಪರದೆಯಲ್ಲಿ ಮಾತ್ರ ಮರೆಮಾಡು ಎಂದರ್ಥವಂತೆ. ಪ್ರೆಸ್ಸಿನವನ ಪರದೆಯಲ್ಲಿ ಅವೆಲ್ಲ ನೆಟ್ಟಗೆ ನಿಂತಿದ್ದವು. ಅವನು ಅದನ್ನು ಹೊಸ ವಿನ್ಯಾಸ ಎಂದುಕೊಂಡು ಬಲಗಡೆ ಜಾಗ ಬಿಟ್ಟು ಅಚ್ಚುಕಟ್ಟಾಗಿ ಮುದ್ರಿಸಿದ್ದ. ನಾನು ನೋಡುವಷ್ಟರಲ್ಲಿ ಪುಸ್ತಿಕೆ ಜಿಲ್ಲೆಯ ಪ್ರತಿ ಅಂಚೆ ಪೆಟ್ಟಿಗೆ ತಲುಪಿತ್ತು.

ಜ್ಯಾಮ್ ವಿಭಾಗದ ಪಕ್ಕ: ‘ಟ್ರೆವರ್‌ನ ಹೆಂಡತಿ ಅಂಗಡಿ ಜ್ಯಾಮನ್ನು ಬಾಟಲಿ ಬದಲಿಸಿ ತರುತ್ತಾಳೆ.’ ಉಪ್ಪಿನಕಾಯಿಯ ಪಕ್ಕ: ‘ಹೋದ ವರ್ಷದ ಹಾಗೆ ಕುದುರೆಯೂ ಮೂಸದಂಥದ್ದು ಬಂದರೆ ಹೊರಗೆ.’ ಚಹಾ ಆರದಂತೆ ಟೀಪಾಟಿಗೆ ಹೊದಿಸುವ ಹೆಣೆದ ಟೋಪಿಯ ಪಕ್ಕ: ‘ಹಸಿರು ಸಾಕಪ್ಪ ಸಾಕು.’

ಬೇರೆ ಊರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಮ್ಮವರಿಗೆ ಷೆಡ್ಯೂಲಿನಲ್ಲಿ ಅಚ್ಚಾದದ್ದು ನಿಯಮ. ಒಬ್ಬಾಕೆ ಮುಗಿಸಿದ್ದ ಹಸಿರು ಟೋಪಿಯನ್ನು ಬಿಚ್ಚಿ ನೀಲಿಯಲ್ಲಿ ಹೆಣೆದಳು. ಗುಡ್ಡದಾಚೆಯ ಒಬ್ಬ ಫೋನ್ ಮಾಡಿ, ಉಪ್ಪಿನಕಾಯಿಯನ್ನು ಕುದುರೆ ಮೂಸುವುದು ತೀರ್ಪಿಗೆ ಮುಂಚೆಯೋ ಆಮೇಲೋ, ಕುದುರೆ ನಾವೇ ತರಬೇಕೋ ಸಮಿತಿಯದ್ದೋ ಎಂದು ಗಂಭೀರವಾಗಿ ಕೇಳಿದ. ಟ್ರೆವರ್‌ನ ಹೆಂಡತಿ ಆ ವರ್ಷ ಜ್ಯಾಮ್ ಇಡಲಿಲ್ಲ. ಟ್ರೆವರ್ ನನ್ನ ಜೊತೆ ಮಾತು ಬಿಟ್ಟ, ಅದೊಂದು ಲಾಭ.

ಇವೆಲ್ಲ ನಗುವಂಥವು. ಹದಿನಾಲ್ಕನೇ ಪುಟದ್ದು ಹಾಗಲ್ಲ.

ಅಲ್ಲಿ ಸ್ಪಂಜ್ ಕೇಕು. ಪಕ್ಕದಲ್ಲಿ ನಾನು ರೋಸ್ಲಿನ್‌ಗೆ ಬರೆದದ್ದು: ‘ಈನಿಡ್‌ಗೆ ಕಣ್ಣು ಪೂರ್ತಿ ಹೋಗಿದೆ, ಸಕ್ಕರೆ ಡಬ್ಬಿ ಯಾವುದು ಉಪ್ಪಿನದ್ದು ಯಾವುದು ಗೊತ್ತಾಗುತ್ತಿಲ್ಲ. ಪ್ರತಿವರ್ಷದ ಹಾಗೆ ಎರಡನೇ ಬಹುಮಾನ ಕೊಟ್ಟುಬಿಡು. ಎಡಗಡೆ ಕೊನೆಯ ತಟ್ಟೆ.’

ಈನಿಡ್‌ಗೆ ಎಂಬತ್ತಮೂರು. ಸಮಿತಿಯ ಆಜೀವ ಸದಸ್ಯೆ. ನನ್ನ ಗಂಡ ಆಸ್ಪತ್ರೆಯಲ್ಲಿದ್ದ ನಾಲ್ಕು ತಿಂಗಳು ನನ್ನ ಕೋಳಿಗಳಿಗೆ ಕಾಳು ಹಾಕಿದವಳು ಅವಳು. ಅವಳಿಗೆ ಓದಲು ಆಗುವುದಿಲ್ಲವಾದ್ದರಿಂದ ಪ್ರತಿವರ್ಷ ಫೋನ್ ಮಾಡಿ ಅವಳ ವಿಭಾಗವನ್ನು ನನ್ನಿಂದ ಓದಿಸಿಕೊಳ್ಳುತ್ತಾಳೆ. ಆ ವರ್ಷವೂ ಮಾಡಿದಳು. ಓದಿದೆ: ನಾಲ್ಕು ಮೊಟ್ಟೆ, ಎರಡು ಪದರ, ಮಧ್ಯೆ ಏನೂ ಹಚ್ಚಬಾರದು. ಅಂಚಿನದ್ದನ್ನು ಬಿಟ್ಟೆ.

“ಅಷ್ಟೇನಾ?” ಅಂದಳು ಈನಿಡ್.

“ಅಷ್ಟೇ,” ಅಂದೆ.

ಊರಿನವರೂ ಅವಳ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೇಗೋ ದಾಟಿಬಿಡುತ್ತದೆ ಎಂದು ನಾನು ನಂಬಿದ್ದೆ.

ಪ್ರದರ್ಶನದ ದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವ ವರ್ಷವೂ ಬಾರದಷ್ಟು ಕೇಕು, ಯಾವ ವರ್ಷವೂ ಬಾರದಷ್ಟು ಜನ. ಕೈಯಲ್ಲಿ ಷೆಡ್ಯೂಲ್ ಹಿಡಿದು ಅಂಚು ಓದುತ್ತ, ಯಾರ ತಟ್ಟೆ ಯಾವುದು ಎಂದು ಹುಡುಕುತ್ತ ಸುತ್ತುತ್ತಿದ್ದರು. ಎಲ್ಲರೂ ನೋಡುತ್ತಿರುವಾಗ ರೋಸ್ಲಿನ್ ತಾನೇ ಏನು ಮಾಡಿಯಾಳು? ಎಡಗಡೆ ಕೊನೆಯ ತಟ್ಟೆಯಿಂದ ಒಂದು ತುಣುಕು ಬಾಯಿಗಿಟ್ಟು, ನೀರು ಕುಡಿದು, ಬಹುಮಾನದ ರಿಬ್ಬನ್ ಇಡದೆ ಮುಂದೆ ಹೋದಳು. ಆಮೇಲೆ ಈನಿಡ್ ಬಂದು ತನ್ನ ತಟ್ಟೆಯ ಸುತ್ತ ಬೆರಳಾಡಿಸಿದಳು. ರಿಬ್ಬನ್ ಇರಲಿಲ್ಲ. ಮತ್ತೊಮ್ಮೆ ಆಡಿಸಿದಳು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ನಾಲ್ಕು ಗಂಟೆಗೆ ಟ್ರೆವರ್ ಅಡುಗೆಕೋಣೆಯಲ್ಲೇ ಸಮಿತಿ ಕರೆದ. ಎಡವಟ್ಟು ಒಂದಲ್ಲ, ಮೂವತ್ತೇಳು ಎಂದು ಎಣಿಸಿಕೊಂಡು ಬಂದಿದ್ದ. ನನಗೆ ಮತವಿಲ್ಲ, ಉಳಿದವರು ಏಳು ಜನ. ಟ್ರೆವರ್ ಸೇರಿ ಮೂವರು ಷೆಡ್ಯೂಲ್ ಕಂಪನಿಗೆ ಹೋಗಲಿ ಎಂದರು. ಮೂವರು, ಷೆಡ್ಯೂಲನ್ನು ಜನ ಮೊದಲ ಸಲ ಓದಿದ್ದಾರೆ, ಗ್ಲೆನಿಸ್ ಕೈಯಲ್ಲೇ ಇರಲಿ ಎಂದರು. ಉಳಿದವಳು ಈನಿಡ್. ಅವಳು ನನ್ನ ಕಡೆ ಎಂದೇ ಎಲ್ಲರ ಲೆಕ್ಕ. ನನ್ನ ಲೆಕ್ಕವೂ ಅದೇ, ನಾಚಿಕೆ ಬಿಟ್ಟು ಹೇಳುತ್ತೇನೆ.

ಈನಿಡ್ ಚೀಲದಿಂದ ಆರು ಕೆಂಪು ರಿಬ್ಬನ್ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲವೂ ಎರಡನೇ ಬಹುಮಾನದವು.

“ಅಂಚಿನಲ್ಲಿ ಇರೋದನ್ನ ಅಂಚೆ ಆಫೀಸಿನವಳ ಹತ್ರ ಓದಿಸ್ಕೊಂಡೆ,” ಅಂದಳು. “ಪಾಪ, ಅವಳು ಒಲ್ಲೆ ಅಂದ್ಲು. ನಾನೇ ಬಿಡಲಿಲ್ಲ. ಕಣ್ಣು ಹೋಗಿದೆ, ಅದು ನನಗೆ ಗೊತ್ತಿಲ್ವಾ? ಷೋಗೆ ಇಡೋ ಕೇಕನ್ನ ಮಾಡಿದವಳು ಕೊಯ್ದು ನೋಡೋ ಹಾಗಿಲ್ಲ. ತಿಂದು ನೋಡೋರು ನೀವು. ಉಪ್ಪಾಗಿದೆ ಅಂತ ಒಬ್ರೂ ಹೇಳಲಿಲ್ಲ.”

ಟ್ರೆವರ್ ತನ್ನ ಕಾಗದ ನೋಡುತ್ತ ಕೂತ.

“ಷೆಡ್ಯೂಲ್ ಆ ಕಂಪನಿಗೆ ಕೊಡಿ,” ಅಂದಳು. “ಅವರಿಗೆ ನನ್ನ ಮೇಲೆ ಕನಿಕರ ಇರೋದಿಲ್ಲ.”

ನಾಲ್ಕು, ಮೂರು. ಇಪ್ಪತ್ತಾರು ವರ್ಷ ಅಷ್ಟರಲ್ಲಿ ಮುಗಿಯಿತು. ಟ್ರೆವರ್ ನನ್ನ ಸೇವೆಯನ್ನು ಸ್ಮರಿಸಲು ಬಾಯಿ ತೆರೆದ, ರೋಸ್ಲಿನ್ ಅವನ ಕೈಗೆ ಚಹಾದ ಬಟ್ಟಲು ಕೊಟ್ಟು ಮುಚ್ಚಿಸಿದಳು. ಹಾಲ್‌ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಅತ್ತಿರಬೇಕು.

ಕಾರಿನ ಹತ್ತಿರ ಹೋಗುವಷ್ಟರಲ್ಲಿ ಹಿಂದೆ ಕೋಲಿನ ಸದ್ದು.

“ಎಲ್ಲಿದೀಯ?” ಅಂದಳು ಈನಿಡ್. “ನನ್ನನ್ನ ಮನೆಗೆ ಯಾರು ಬಿಡ್ತಾರೆ, ಆ ಕಂಪನಿಯವರಾ?”

ಕೈ ಹಿಡಿದು ಕೂರಿಸಿದೆ, ಸೀಟಿನ ಬೆಲ್ಟ್ ಹಾಕಿದೆ. ಅವಳ ಖಾಲಿ ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಊರಾಚೆಯ ಧಾನ್ಯದ ಕಣಜಗಳನ್ನು ದಾಟಿದೆವು.

“ಈ ವರ್ಷದ್ದು ಹೇಗಿತ್ತು?” ಅಂತ ಕೇಳಿದಳು.

ಮಧ್ಯಾಹ್ನ ಯಾರೂ ನೋಡದಾಗ ನಾನೊಂದು ತುಣುಕು ತಿಂದಿದ್ದೆ. ಚೆನ್ನಾಗಿತ್ತು ಎಂಬ ಮಾತು ಅಭ್ಯಾಸಬಲದಿಂದ ಗಂಟಲವರೆಗೆ ಬಂತು.

“ಬಾಯಲ್ಲಿ ಇಡೋ ಹಾಗಿರಲಿಲ್ಲ, ಈನಿಡ್,” ಅಂದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಲ್ಲೇ ನಿನಗೆ,” ಅಂದಳು.