ಐದು ಹೆಸರಿನ ಕಡತ

ಹೊಳೆನರಸೀಪುರದ ಆ ಖಾಸಗಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರುವವರು ಮೊದಲ ದಿನವೇ ಎರಡು ಕಾಗದಕ್ಕೆ ಸಹಿ ಹಾಕಬೇಕಿತ್ತು. ಒಂದು ನೇಮಕದ್ದು, ಇನ್ನೊಂದು ತಾರೀಖಿಲ್ಲದ ರಾಜೀನಾಮೆ. ಎರಡನೆಯದು ಕಾರ್ಯದರ್ಶಿ ಪುಟ್ಟರಾಜುವಿನ ಬೀರು ಸೇರುತ್ತಿತ್ತು. ಯಾರಾದರೂ ಬೇಡವಾದರೆ ಅವನು ಅದರ ಮೇಲೆ ತಾರೀಖು ಬರೆಯುತ್ತಿದ್ದ, ಅಷ್ಟೆ.

2005ರಲ್ಲಿ ಗಣಿತದ ಆಶಾರಾಣಿ ಹೆರಿಗೆ ರಜೆ ಕೇಳಿದಳು. ಮರುದಿನ ಅವಳ ಕಾಗದಕ್ಕೆ ತಾರೀಖು ಬಿತ್ತು.

ಕಂಪ್ಯೂಟರ್ ಪಾಠ ಹೇಳುತ್ತಿದ್ದ ಹಂಸಳಿಗೆ ಇದು ಸಹಿಸಲಾಗಲಿಲ್ಲ. ಹಾಸನದ ಮೇಲಧಿಕಾರಿಗಳಿಗೆ ಅರ್ಜಿ ಬರೆಯೋಣ ಎಂದು ಒಬ್ಬೊಬ್ಬರನ್ನೇ ಕಂಡು ಮಾತಾಡಿದಳು. ಐದು ಜನ ಒಪ್ಪಿದರು. ಒಪ್ಪಿದ ಕ್ರಮದಲ್ಲೇ ಅವರ ಹೆಸರುಗಳನ್ನು ಲ್ಯಾಬಿನ ತನ್ನ ಕಂಪ್ಯೂಟರಿನಲ್ಲಿ ಬರೆದಿಟ್ಟಳು. ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿತ್ತು. ಪಾಸ್‌ವರ್ಡ್ ಎಂದರೆ ಮನೆ ಬೀಗವಿದ್ದಂತೆ ಎಂದು ಮಕ್ಕಳಿಗೆ ಅವಳೇ ಹೇಳಿಕೊಡುತ್ತಿದ್ದಳು. ಅರ್ಜಿಯನ್ನು ನಾಲ್ಕು ದಿನ ತಿದ್ದಿದಳು.

ಐದನೆಯ ದಿನ ಪುಟ್ಟರಾಜು ಆ ಐವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಸತೊಡಗಿದ. ಹೊರಗೆ ಬಂದವರು ಹಂಸಳ ಮುಖ ನೋಡಲಿಲ್ಲ. ಕೊನೆಗೆ ಹೊರಬಂದ ಇತಿಹಾಸದ ಪ್ರೇಮಕುಮಾರಿ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವಳ ಮೇಜಿನ ಮುಂದೆ ನಿಂತಳು.

"ನೀವು ನಮ್ಮನ್ನ ಯಾವ ಕ್ರಮದಲ್ಲಿ ಒಪ್ಪಿಸಿದ್ರೋ ಅದೇ ಕ್ರಮದಲ್ಲಿ ಕರೆದ ಆ ಮನುಷ್ಯ. ಆ ಕ್ರಮ ನಿಮಗ್ ಬಿಟ್ರೆ ಇನ್ಯಾರಿಗ್ ಗೊತ್ತಿತ್ತು?"

"ನಾನು ಯಾರಿಗೂ ಹೇಳಿಲ್ಲ, ಪ್ರೇಮಾ."

"ಹಾಗಾದ್ರೆ ಗೋಡೆ ಹೇಳ್ತೇನೋ. ನಮ್ಮನ್ನ ಬಾವಿಗೆ ತಳ್ಳಿ ಆಳ ನೋಡಿದ್ರಿ ನೀವು."

ಉಳಿದ ನಾಲ್ವರೂ ಹಂಸಳ ಮೇಜಿನ ಬಳಿಯಿಂದ ಎದ್ದು ಆಚೆ ಹೋಗಿ ಕೂತರು. ಅವಳಿಗೆ ಬೈಗುಳಕ್ಕಿಂತ ಅದರಿಂದಲೇ ಹೆಚ್ಚು ನೋವಾಯಿತು.

ಸಂಜೆ ಪುಟ್ಟರಾಜು ಅವಳನ್ನೂ ಕರೆಸಿದ. ಕೂರಲು ಹೇಳಿ ನಿಧಾನವಾಗಿ ಕನ್ನಡಕ ಒರೆಸಿಕೊಂಡ.

"ಮೊದ್ಲು 'ಜೀತ' ಅಂತ ಬರ್ದಿದ್ರಿ. ಬುಧವಾರ ಅದ್ನ ತಗ್ದು 'ಒತ್ತಾಯದ ದುಡಿಮೆ' ಅಂತ ಮಾಡ್ಬುಟ್ರಿ. ಯಾಕ್ ಮೇಡಂ? ಜೀತಾನೇ ಚೆಂದಾಗಿತ್ತು ಕಣ್ರೀ."

'ಜೀತ' ಎಂಬ ಪದವನ್ನು ಹಂಸ ಕಾಗದದ ಮೇಲೆ ಬರೆದಿರಲಿಲ್ಲ, ಯಾರ ಮುಂದೆಯೂ ಆಡಿರಲಿಲ್ಲ. ಅದು ಇದ್ದದ್ದು ಪರದೆಯ ಮೇಲೆ ಮಾತ್ರ, ಅದೂ ಒಂದೇ ದಿನ.

ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸಿಕೊಟ್ಟವನು ಹಾಸನದ ಕುಮಾರ್. ಶನಿವಾರ ಬಸ್ಸು ಹತ್ತಿ ನೇರ ಅವನ ಅಂಗಡಿಗೆ ಹೋದಳು. ಅವನು ಮುಚ್ಚುಮರೆ ಮಾಡಲಿಲ್ಲ.

"ಆಪರೇಟಿಂಗ್ ಸಿಸ್ಟಂ ಬರೋದೇ ಅಂಗೆ ಮೇಡಂ. ಒಳಗೊಬ್ಬ ಯಜಮಾನ ಇರ್ತಾನೆ, ಅಡ್ಮಿನಿಸ್ಟ್ರೇಟರ್ ಅಂತ. ಅವ್ನ ಪಾಸ್‌ವರ್ಡ್ ಇದ್ರೆ ನೆಟ್‌ವರ್ಕಿನಾಗೆ ಯಾವ್ ಮಿಷನ್ನಿನ ಡಿಸ್ಕಾದ್ರೂ ಕುಂತಲ್ಲೇ ತೆಗೀಬೋದು. ಆ ಬಾಗ್ಲು ಕಣ್ಗೆ ಕಾಣಾಕಿಲ್ಲ. ಎಲ್ಲಾ ಮಿಷನ್ಗೂ ಒಂದೇ ಪಾಸ್‌ವರ್ಡ್ ಆಕಿದ್ದೆ. ಸೆಕ್ರೆಟ್ರಿ ಸಾಹೇಬ್ರು ಕೇಳುದ್ರು, ಬರ್ಕೊಟ್ಟೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವ್ ಕೇಳ್ನಿಲ್ವಲ್ಲ."

ಸೋಮವಾರ ಅವಳು ಆ ಐವರನ್ನೂ ಲ್ಯಾಬಿಗೆ ಕರೆದಳು. ಕುಮಾರ್ ಕೊಟ್ಟ ಪಾಸ್‌ವರ್ಡನ್ನು ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಒತ್ತಿ, ಅಲ್ಲಿಂದಲೇ ತನ್ನ ಕಂಪ್ಯೂಟರಿನಲ್ಲಿದ್ದ ಅರ್ಜಿಯನ್ನು ತೆರೆದು ತೋರಿಸಿದಳು. ಐದು ಹೆಸರುಗಳೂ ಸಾಲಾಗಿ ಬಂದು ನಿಂತವು. ಪುಟ್ಟರಾಜು ತನ್ನ ಕೋಣೆಯಿಂದ ಹೀಗೇ ಓದಿದ್ದಾನೆ ಎಂದು ವಿವರಿಸಿದಳು.

"ಈಗ ನಂಬ್ತೀರಾ?"

"ನಂಬಿದೆ," ಎಂದಳು ಪ್ರೇಮಕುಮಾರಿ. "ನೀವು ಅವನಿಗೆ ಹೇಳ್ಲಿಲ್ಲ, ಸರಿ. ಆದ್ರೆ ಈ ಮಿಷನ್ನಿನ ಪಾಠ ಮಾಡಿ ಸಂಬಳ ತಗೋಳೋರು ನೀವು. ಇದಕ್ಕೆ ಬಾಗಿಲು ಎಷ್ಟಿದೆ ಅಂತ ತಿಳ್ಕೊಳ್ದೆ ನಮ್ಮ ಹೆಸರನ್ನ ಯಾಕೆ ಒಳಗಿಟ್ರಿ?"

ಐವರೂ ಎದ್ದು ಹೋದರು.

ಅಂದೇ ಹಂಸ ಬಿಳಿ ಹಾಳೆಯ ಮೇಲೆ ಕೈಯಲ್ಲೇ ಅರ್ಜಿ ಬರೆದಳು. 'ಜೀತ' ಎಂಬ ಪದವನ್ನೇ ಹಾಕಿದಳು. ಕೆಳಗೆ ತನ್ನದೊಂದೇ ಸಹಿ. ಹಾಸನಕ್ಕೆ ಹೋಗಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಬರೆಸಿಕೊಂಡಳು. ಸುದ್ದಿ ಮುಟ್ಟಿದ ದಿನವೇ ಪುಟ್ಟರಾಜು ಅವಳ ರಾಜೀನಾಮೆಗೆ ತಾರೀಖು ಬರೆದ.

"ನಿಮ್ದೇ ಸಹಿ ಅಲ್ವಾ ಮೇಡಂ, ನೋಡ್ಕಳಿ," ಎಂದ.

"ನನ್ನದೇ. ತಾರೀಖು ನಿಮ್ಮ ಅಕ್ಷರ. ಹೀಗೇ ಹಾಕ್ತೀರಿ ಅಂತ ಮೊದಲೇ ಅರ್ಜಿಯಲ್ಲಿ ಬರೆದಿದ್ದೀನಿ," ಎಂದು ಹಂಸ ಹೊರಟಳು.

ನಾಲ್ಕು ತಿಂಗಳ ಮೇಲೆ ವಿಚಾರಣೆಗೆ ಬಂದವರು ಬೀರು ತೆಗೆಸಿದರು. ಇಪ್ಪತ್ತೊಂಬತ್ತು ಕಾಗದ ಸಿಕ್ಕವು. ಎಲ್ಲವನ್ನೂ ಅವರವರಿಗೆ ಹಿಂದಿರುಗಿಸಿದರು. ಪುಟ್ಟರಾಜು ಮಾತ್ರ ಕುರ್ಚಿ ಬಿಡಲಿಲ್ಲ. ಆಶಾರಾಣಿಗೂ ಹಂಸಳಿಗೂ ಕೆಲಸ ಮರಳಿ ಸಿಗಲಿಲ್ಲ. ಹಂಸ ಚನ್ನರಾಯಪಟ್ಟಣದ ಒಂದು ಶಾಲೆ ಸೇರಿದಳು.

ಮರುವರ್ಷ ಅಲ್ಲಿನ ಬಸ್ ನಿಲ್ದಾಣದಲ್ಲಿ ಪ್ರೇಮಕುಮಾರಿ ಸಿಕ್ಕಳು.

"ಕಾಗದ ವಾಪಸ್ ಬಂತಂತೆ," ಎಂದಳು ಹಂಸ.

"ಬಂತು. ನಿಮ್ಮಿಂದ್ಲೇ ಬಂತು ಅಂತಾನೂ ಗೊತ್ತು. ಆ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅವನ ಬಾಗಿಲಲ್ಲಿ ನಮ್ಮನ್ನ ನಿಲ್ಲಿಸ್ತಿದ್ದ. ಕ್ಲಾಸಿಗೆ ಹೋಗ್ಲಾ ಅಂತ ಕೇಳ್ಬೇಕಿತ್ತು. ಅದನ್ನ ಯಾರು ವಾಪಸ್ ಕೊಡ್ತಾರೆ?"

ಶಾಂತಿಗ್ರಾಮಕ್ಕೆ ಹೋಗುವ ಬಸ್ಸು ಬಂತು. ಪ್ರೇಮಕುಮಾರಿ ಹತ್ತಿ ಕೂತಳು. ಲ್ಯಾಬಿನಲ್ಲಿ ಅಷ್ಟೆಲ್ಲ ತೋರಿಸಿದ್ದರೂ ತಾನು ಒಮ್ಮೆಯೂ ಕ್ಷಮೆ ಕೇಳಿರಲಿಲ್ಲ ಎಂಬುದು ಹಂಸಳಿಗೆ ಆಗ ಹೊಳೆಯಿತು. ಕಿಟಕಿಯ ಬಳಿ ಹೋದಳು.

"ತಪ್ಪಾಯ್ತು, ಪ್ರೇಮಾ."

ಪ್ರೇಮಕುಮಾರಿ ಅವಳನ್ನೇ ನೋಡಿದಳು, ಆಮೇಲೆ ಕಿಟಕಿಯ ಗಾಜು ಎಳೆದುಕೊಂಡಳು.